ಬಲ್ಬಿಗಿ ಬಂದದ್ದು ದೀಪದ ಹುಳ ಅಲ್ಲ, ತಮ್ಮಾ

ತಮ್ಮಾ, ನಿನ್ನೆ ರಾತ್ರಿ ಹೊಲದ ಶೆಡ್ಡಿನ ಬಲ್ಬಿಗಿ ಮುತ್ತಿದ ಹುಳದ ಫೋಟೋ ಹಾಕಿದ್ದಿ. ಅದರ ಕೆಳಗ ಮಾಮಾ 'ದೀಪದ ಹುಳ, ಏನೂ ಮಾಡಲ್ಲ' ಅಂತ ಬರದಾರ. ಮಾಮಾ, ಸಿಟ್ಟಾಗಬ್ಯಾಡ್ರಿ, ನಾ ಫೋಟೋ ದೊಡ್ಡದು ಮಾಡಿ ನೋಡೀನಿ. ಅದು ತೊಗರಿ ಕಾಯಿಕೊರಕದ ಪತಂಗ.

ಮುಂದಿನ ರೆಕ್ಕಿ ಒಣಗಿದ ಎಲಿ ಬಣ್ಣ, ನಡುವ ಅವರಿಕಾಳಿನಂಥ ಮಬ್ಬು ಕಲಿ. ಹಿಂದಿನ ರೆಕ್ಕಿ ಬೆಳ್ಳಗ, ಅಂಚಿಗಿ ಅಗಲ ಕಂದು ಪಟ್ಟಿ. ಗಂಡು ತುಸು ಹಸಿರು, ಹೆಣ್ಣು ತುಸು ಕೆಂಪು. ರೆಕ್ಕಿ ಬಿಚ್ಚಿದರ 3-4 ಸೆಂಟಿಮೀಟರ್, ಅಷ್ಟೇ.

ಸೀಗಿ ಹುಣ್ಣಿಮಿ ಆಗ್ಯಾದ, ತೊಗರಿ ಹೂ ಬಿಟ್ಟಾದ. ಹೆಣ್ಣು ಕಾಯೋದು ಇದನ್ನೇ. ಹೂ-ಮೊಗ್ಗಿನ ಮ್ಯಾಲ ಒಂದೊಂದೇ ತತ್ತಿ ಇಡ್ತದ, ಗಸಗಸಿಕಿಂತ ಸಣ್ಣದು. ಒಂದೇ ಹೆಣ್ಣು ನೂರಾರು ಇಡ್ತದ, ಒಮ್ಮೊಮ್ಮಿ 1000 ದಾಟ್ತದ. 3-5 ದಿನಕ್ಕ ಮರಿ ಹೊರಗ ಬರ್ತದ. ಮೊದಲು ಹೂ ತಿಂತದ, ದೊಡ್ಡದಾದ ಮ್ಯಾಲ ಕಾಯಿಗಿ ತೂತು ಹಾಕಿ, ತಲಿ ಒಳಗ ಮೈ ಹೊರಗ ಇಟ್ಟು ಕಾಳು ತಿಂತದ. ಹಸಿರು ಕೀಡಿ ಅಂತೀವಿ, ಖರೇ ಅಂದ್ರ ಹಳದಿ, ಕಂದು, ಗುಲಾಬಿ ಬಣ್ಣದ್ದೂ ಇರ್ತಾವ. 2-3 ವಾರ ತಿಂದು, ಮಣ್ಣಾಗ ಇಳಿದು ಕೋಶ ಆಗ್ತದ. ತತ್ತಿಯಿಂದ ಪತಂಗದ ತನಕ ತಿಂಗಳು, ಭಾಳ ಆದ್ರ ಒಂದೂವರಿ ತಿಂಗಳು.

ನಮ್ಮ ಕಲಬುರಗಿದಷ್ಟೇ ಪೀಡಾ ಅಲ್ಲ ಇದು. ಆಫ್ರಿಕಾ, ಯುರೋಪ್, ಆಸ್ಟ್ರೇಲಿಯಾದಾಗೂ ಅದ, 2013ರಾಗ ಬ್ರೆಜಿಲ್‌ನಾಗೂ ಸಿಕ್ಕದ. ತೊಗರಿ ಮುಗದರ ಕಡ್ಲಿ, ಹತ್ತಿ, ಟೊಮ್ಯಾಟೊ, ಸೂರ್ಯಕಾಂತಿ, ಯಾವದೂ ಬಿಡಲ್ಲ.

ಹ್ವಾದ ವರ್ಷ ನೀ ಕೀಡಿ ಅರ್ಧ ಬೆರಳುದ್ದ ಆದ ಮ್ಯಾಲ ಎಣ್ಣಿ ಹೊಡದಿ. ಸಾಯಲಿಲ್ಲ, ರೊಕ್ಕ ಹ್ವಾತು. ನಂಗ ಅದೇ ನೆನಪಾಗಿ ರಾತ್ರಿ ನಿದ್ದಿ ಬರಲಿಲ್ಲ. ಈಗ ಪತಂಗ ಕಂಡಾದ ಅಂದ್ರ ಕೀಡಿ ಇನ್ನಾ ಸಣ್ಣವ, ವ್ಯಾಳ್ಯಾ ಅದ. ಎಕರಿಗಿ ನಾಕು ಮೋಹಕ ಬಲಿ ಕಟ್ಟು, ಹೆಣ್ಣು ಪತಂಗದ ವಾಸನಿ ಇಟ್ಟು ಗಂಡು ಹಿಡಿಯೋ ಬಲಿ. ಅದರಾಗ ಬೀಳೋವು ಬರೇ ಗಂಡು, ಆದ್ರ ಎಷ್ಟು ಬಂದಾವ ಅನ್ನೋದು ತಿಳೀತದ. ಕೀಡಿ ತಿನ್ನೋ ಕಾಜಾಣ ಹಕ್ಕಿ ಕೂಡ್ಲಿಕ್ಕ ಅಲ್ಲಲ್ಲಿ ಕಟಗಿ ನೆಡು. ಕೀಡಿ ಕಣ್ಣಿಗಿ ಬಿದ್ದರ ಅವ್ವ ಮಾಡ್ತಿದ್ದಳಲ್ಲ, ಸಾಲಿನ ನಡುವ ತಾಡಪತ್ರಿ ಎಳಕೋತ ಗಿಡ ಝಾಡಿಸಿ ಕೀಡಿ ಉದುರಿಸೋದು, ಅದನ್ನೇ ಮಾಡು. ನಾವು ಸಣ್ಣವರಿದ್ದಾಗ ಆ ಕೀಡಿ ಕೋಳಿಗಿ ಹಾಕ್ತಿದ್ದೆವು, ನೆನಪದ ಏನು?

ನಾಳೆ ಮುಂಜಾನಿ ಹತ್ತು ಗಿಡದ ಹೂವಿನ ತುದಿ ಹತ್ತರದಿಂದ ಫೋಟೋ ತಗದು ಇಲ್ಲೇ ಹಾಕು. ತತ್ತಿ ಅವ ಇಲ್ಲ ನೋಡಿ ಹೇಳ್ತೀನಿ.