ಅಂಕೋಲೆಯ ಗ್ಯಾರೇಜಿಗೆ ಬ್ಯಾಟರಿ ಇಂಪ್ಯಾಕ್ಟ್ ರೆಂಚ್: ಯಾವುದು ಸರಿ?

ಅಂಕೋಲೆ ಗ್ಯಾರೇಜ್:
ಕಾರು, ಪಿಕಪ್ ಕೆಲಸವೇ ಹೆಚ್ಚು. ಮೀನಿನ ಗಾಡಿಗಳೂ ಬರ್ತವೆ. ಉಪ್ಪುನೀರು ಸೋರಿ ಯು-ಬೋಲ್ಟು (ಆಕ್ಸಲ್ಲಿಗೆ ಪಟ್ಟಾ ಹಿಡಿಸೋ ಯು ಆಕಾರದ್ದು), ವೀಲ್ ನಟ್ಟು ಎಲ್ಲ ತುಕ್ಕು ಹಿಡಿದು ಕೂತಿರ್ತವೆ. ಏಟು ಕೊಡ್ತಾ ನಟ್ಟು ತಿರುಗಿಸೋ ಇಂಪ್ಯಾಕ್ಟ್ ರೆಂಚ್ ತಗೋಬೇಕು. ಮಕಿಟಾ ಕಂಪನಿಯ 18 ವೋಲ್ಟಿನದ್ರಲ್ಲಿ ಡಿಟಿಡಬ್ಲ್ಯು300 ಸಾಕಾ, ಡಿಟಿಡಬ್ಲ್ಯು1002 ಬೇಕಾ?

ಕಾರವಾರ ಟೂಲ್ಸ್:
ಡಬ್ಬದ ಮೇಲೆ ದೊಡ್ಡಕ್ಷರದಲ್ಲಿರೋ ಅಂಕಿ ನೋಡಿ ಮರುಳಾಗ್ಬೇಡಿ ಮಾರಾಯ್ರೆ, ಅದು ಹೆಚ್ಚಾಗಿ ಬಿಚ್ಚೋ ಬಲ. 300ಕ್ಕೆ ಬಿಗಿಯೋದು 330, ಬಿಚ್ಚೋದು 580 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ). 1002ಕ್ಕೆ 1000 ಮತ್ತು 1600. ಕಾರಿನ ವೀಲ್ ನಟ್ಟು ಸಾಮಾನ್ಯವಾಗಿ 90ರಿಂದ 120ಕ್ಕೆ ಬಿಗಿದಿರ್ತದೆ, ಅದಕ್ಕೆ 300 ಧಾರಾಳ. ಮೀನಿನ ಗಾಡಿಯ ಯು-ಬೋಲ್ಟಿಗೆ 1002 ಬೇಕು. ಆದರೆ ಅದು 229 ಮಿ.ಮೀ. ಉದ್ದ, ಭಾರವೂ ಹೆಚ್ಚು. ಸಸ್ಪೆನ್ಶನ್ ಸಂದಿಯಲ್ಲಿ ತೂರಲ್ಲ. 300 ಬರೀ 144 ಮಿ.ಮೀ. ಒಂದೇ ತಗೊಳ್ಳೋದಾದ್ರೆ ನಿಮ್ಮ ಊರಿನ ತುಕ್ಕಿಗೆ 1002. ಬ್ಯಾಟರಿ 5 ಆಂಪಿಯರ್ ಅವರ್‌ದೇ ಹಾಕಿ. ಚಿಕ್ಕದರಲ್ಲಿ ಲೋಡಿಗೆ ವೋಲ್ಟೇಜ್ ಕುಸಿದು ಏಟು ಸಪ್ಪೆಯಾಗ್ತದೆ.

ಕುಮಟಾ ಫಿಟ್ಟರ್:
ಸಾಕೆಟ್ ವಿಷಯ ಯಾರೂ ಹೇಳ್ಲಿಲ್ಲ. ಹೊಳೆಯೋ ಕ್ರೋಮ್ ಸಾಕೆಟ್ ಹಾಕಿದ್ರೆ ಏಟಿಗೆ ಸಿಡೀತದೆ. ಕಪ್ಪು ಇಂಪ್ಯಾಕ್ಟ್ ಸಾಕೆಟ್ಟೇ, ಆರು ಮೂಲೆಯದು. ಉದ್ದ ಎಕ್ಸ್‌ಟೆನ್ಶನ್ ಹಾಕಿದ್ರೆ ಅದು ತಿರುಚಿಕೊಂಡೇ ಬಲ ತಿಂದ್ಹಾಕ್ತದೆ.
ಮೊದಲು ಹೊರಗೆ ಕಾಣೋ ಎಳೆಗಳನ್ನು ವೈರ್ ಬ್ರಷ್‌ನಿಂದ ತಿಕ್ಕಿ, ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಕಾಲು ಗಂಟೆ ಬಿಡಿ. ಹತ್ತು ಸೆಕೆಂಡಿಗೂ ಅಲುಗದಿದ್ರೆ ಹಟ ಬೇಡ. ಒಂದೆರಡು ಏಟು ಬಿಗಿಯೋ ಕಡೆಗೆ ಕೊಟ್ಟು ಮತ್ತೆ ಬಿಚ್ಚಿ, ತುಕ್ಕಿನ ಪದರ ಒಡೀತದೆ. ಹೊಡೀತಲೇ ಇದ್ರೆ ಸ್ಟಡ್ಡೇ (ನಟ್ಟು ಕೂರೋ ಬೋಲ್ಟು) ತುಂಡಾಗೋದು.

ಶಿರಸಿ ವರ್ಕ್‌ಶಾಪ್:
ಬಿಚ್ಚಲಿಕ್ಕೆ ಗನ್ನು (ಇದೇ ಇಂಪ್ಯಾಕ್ಟ್ ರೆಂಚು), ಕೊನೆಯ ಬಿಗಿತಕ್ಕೆ ಅಳತೆ ಇಟ್ಟು ಕೈಯಲ್ಲಿ ಬಿಗಿಯೋ ಟಾರ್ಕ್ ರೆಂಚು. ನಟ್ಟನ್ನು ಮೂರು ಎಳೆ ಕೈಯಲ್ಲೇ ಹತ್ತಿಸಿ, ಕಮ್ಮಿ ಸ್ಪೀಡಲ್ಲಿ ಕೂರಿಸಿ, ಗಾಡಿ ಇಳಿಸಿದ ಮೇಲೆ ಎದುರುಬದುರಾಗಿ ಬಿಗೀರಿ. ಗನ್ನಲ್ಲೇ ಬಿಗಿದ್ರೆ ಸ್ಟಡ್ ಎಳೆದುಕೊಳ್ತದೆ, ಗಾಡಿ ಪಂಚರ್ ಆದ ದಿನ ಘಟ್ಟದ ಮಧ್ಯೆ ಕೈ ಸ್ಪ್ಯಾನರಿಗೆ ಬಿಚ್ಚೋದೂ ಇಲ್ಲ.
ಮಳೆಗಾಲದಲ್ಲಿ ಕರೆಂಟಿನ ನೆಚ್ಚಿಗೆ ಇಲ್ಲ, ಎರಡು ಬ್ಯಾಟರಿ ಇರಲಿ. ಬಿಸಿ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕ್ಬೇಡಿ, ತಣಿದ ಮೇಲೆ.

ಅಂಕೋಲೆ ಗ್ಯಾರೇಜ್:
ಹತ್ತು ಚಕ್ರದ ಲಾರಿಗೂ 1002 ನಡೀತದಾ?

ಕಾರವಾರ ಟೂಲ್ಸ್:
ಅದರ ನಟ್ಟು 600ರ ಆಸುಪಾಸಿಗೆ ಬಿಗಿದಿರ್ತದೆ. ತುಕ್ಕಿಲ್ಲದ್ದು ಬಿಚ್ಚೀತು. ದಿನಾ ಲಾರಿ ಬರೋದಾದ್ರೆ ಮುಕ್ಕಾಲು ಇಂಚಿನ ಡ್ರೈವಿನದೇ (ಸಾಕೆಟ್ ಸಿಕ್ಕಿಸೋ ಚೌಕದ ತುದಿ) ನೋಡಿ, 1002ರಂಥ ಅರ್ಧ ಇಂಚಿನದಕ್ಕೆ ಅಡಾಪ್ಟರ್ ಸಿಕ್ಕಿಸಿದ್ರೆ ಮೊದಲು ಮುರಿಯೋದು ಆ ಅಡಾಪ್ಟರೇ.