ಏಪ್ರಿಲಲ್ಲಿ ಕಬಿನಿ ಕಡೆ, ಗಂಡ ಹೆಂಡ್ತಿ ಇಬ್ರೇ, ಒಂದು ರಾತ್ರಿ: ಹೋಗಿಬಂದವ್ರು ಸ್ವಲ್ಪ ಹೇಳಿ

ಪ್ರಶ್ನೆ: ನಾನು, ನಮ್ಮನೆಯವ್ರು ಇಬ್ರೇ. ಬೆಂಗಳೂರಿಂದ ಕಾರಲ್ಲಿ ಶನಿವಾರ ಹೊರಟು ಭಾನುವಾರ ರಾತ್ರಿಯೊಳಗೆ ವಾಪಸ್ ಬರ್ಬೇಕು. ನಾಗರಹೊಳೆ ನೋಡೋ ಆಸೆ. ಅವ್ರಿಗೆ ಹುಲಿನೇ ಬೇಕಂತೆ, ನನಗೆ ಆನೆ ಕಂಡ್ರೆ ಸಾಕು. ಬಂಡೀಪುರ, ಗೋಪಾಲಸ್ವಾಮಿ ಬೆಟ್ಟನೂ ಸೇರಿಸ್ಕೋಬಹುದಾ? ರೆಸಾರ್ಟ್ ರೇಟ್ ನೋಡಿ ತಲೆ ತಿರುಗ್ತು, ಕಡಿಮೆ ಖರ್ಚಲ್ಲಿ ಆಗೋ ದಾರಿ ಇದ್ರೆ ತಿಳ್ಸಿ.

— ಸೇರಿಸ್ಬೇಡಿ ಅಕ್ಕ. ಮ್ಯಾಪಲ್ಲಿ ನಾಗರಹೊಳೆ, ಬಂಡೀಪುರ ಪಕ್ಕಪಕ್ಕನೇ, ಮಧ್ಯ ಕಬಿನಿ ನೀರು ಅಷ್ಟೇ, ಆದ್ರೆ ಕಾರಲ್ಲಿ ಹೋಗೋರು ಎಚ್.ಡಿ.ಕೋಟೆಗೆ ವಾಪಸ್ ಬಂದು ಗುಂಡ್ಲುಪೇಟೆ ಕಡೆ ಸುತ್ಕೊಂಡು ಹೋಗ್ಬೇಕು, ಭಾನುವಾರ ಪೂರ್ತಿ ಸ್ಟೀರಿಂಗ್ ಹಿಡ್ಕೊಂಡೇ ಕಳ್ದೋಗುತ್ತೆ. ಬೆಟ್ಟಕ್ಕಂತೂ ಸ್ವಂತ ಗಾಡಿ ಬಿಡಲ್ಲ, ಕೆಳಗೆ ನಿಲ್ಲಿಸಿ ಬಸ್ ಹತ್ಬೇಕು, ವೀಕೆಂಡಲ್ಲಿ ಆ ಕ್ಯೂ ದೇವರಿಗೇ ಪ್ರೀತಿ. ನಾಗರಹೊಳೆಗೆ ಹುಣಸೂರು ಕಡೆಯಿಂದ ವೀರನಹೊಸಹಳ್ಳಿ ಗೇಟ್ ಇದೆ, ಕೊಡಗಿನ ಕುಟ್ಟ ಕಡೆಯಿಂದ ನಾಣಚ್ಚಿ ಇದೆ, ಆದ್ರೆ ಏಪ್ರಿಲಲ್ಲಿ ಆನೆ ಬೇಕು ಅಂದ್ರೆ ಕಣ್ಮುಚ್ಕೊಂಡು ಎಚ್.ಡಿ.ಕೋಟೆ ಕಡೆಯ ದಮ್ಮನಕಟ್ಟೆ, ಸಫಾರಿ ಅಲ್ಲಿಂದ ಹೊರಡುತ್ತೆ.

— ಹೌದು, ದಮ್ಮನಕಟ್ಟೆ. ಕಾರಣ ಏನಂದ್ರೆ 1974ರಲ್ಲಿ ಬೀಚನಹಳ್ಳಿ ಹತ್ರ ಡ್ಯಾಮ್ ಆದ್ಮೇಲೆ ಕಾಡೊಳಗೆ ಹಿನ್ನೀರು ನಿಲ್ತು, ಬೇಸಿಗೇಲಿ ಆ ನೀರು ಇಳೀತಾ ಇಳೀತಾ ಅಂಚಲ್ಲೆಲ್ಲ ಹೊಸ ಹುಲ್ಲು ಚಿಗುರುತ್ತೆ, ಬೇರೆ ಕಡೆ ಕೆರೆಕಟ್ಟೆ ಒಣಗಿರೋದ್ರಿಂದ ಬಂಡೀಪುರ, ವಯನಾಡು ಕಡೆ ಆನೆಗಳೂ ಅಲ್ಲಿಗೇ ಬಂದು ಸೇರ್ತವೆ. ಹಿಂಡು ಸಿಕ್ರೆ ಬರೀ ಫೋಟೋ ಹೊಡೀತಾ ಕೂರ್ಬೇಡಿ, ಒಂದೇ ಒಂದು ಆನೆ ನೋಡ್ತಾ ಇರಿ. ಸೊಂಡಿಲಲ್ಲಿ ಹುಲ್ಲು ಸುತ್ತಿ, ಕಾಲಲ್ಲಿ ಒದ್ದು ಬುಡ ಸಡಿಲ ಮಾಡಿ ಕೀಳುತ್ತೆ, ಆ ಕಂತೆನ ಮುಂಗಾಲಿಗೆ ಪಟಪಟ ಬಡಿದು ಮಣ್ಣು ಉದುರಿಸಿ ಆಮೇಲೆ ಬಾಯಿಗೆ ಹಾಕುತ್ತೆ, ನಮ್ಮಮ್ಮ ಕೊತ್ತಂಬರಿ ಸೊಪ್ಪು ಕೊಡವಿದ ಹಾಗೇ! ಉದ್ದ ದಂತದ ಭೋಗೇಶ್ವರ ಇದೇ ಹಿನ್ನೀರಲ್ಲಿ ಓಡಾಡ್ಕೊಂಡಿದ್ದಿದ್ದು, 2022ರಲ್ಲಿ ಹೋಗ್ಬಿಟ್ಟ ಪಾಪ.

— ಖರ್ಚಿನ ವಿಷ್ಯಕ್ಕೆ ಬರ್ತೀನಿ. ನಾವು ಕೋಟೆ ಪೇಟೇಲೇ ಸಾಧಾರಣ ಲಾಡ್ಜಲ್ಲಿ ಉಳ್ಕೊಂಡು ಅರಣ್ಯ ಇಲಾಖೆ ಬಸ್ಸಲ್ಲಿ ಸಫಾರಿ ಮಾಡಿದ್ವಿ. ರೆಸಾರ್ಟ್ ಜೀಪಿಗೆ ಹೋಲಿಸಿದ್ರೆ ಎಷ್ಟೋ ಅಗ್ಗ, ಸೀಟು ಎತ್ತರ, ಆದ್ರೆ ಪಕ್ಕದ ಫ್ಯಾಮಿಲಿ ಚಿಪ್ಸ್ ಪ್ಯಾಕೆಟ್ ಚರಪರ ಅನ್ಸಿದ್ರೆ ಅದನ್ನೂ ತಡ್ಕೋಬೇಕು. ಶನಿವಾರ ಬೆಳಕು ಹರಿಯೋಕೆ ಮುಂಚೆ ಬೆಂಗಳೂರು ಬಿಡಿ, ಮಧ್ಯಾಹ್ನದ ಟ್ರಿಪ್ ಸಿಗುತ್ತೆ, ರಾತ್ರಿ ಕೋಟೇಲಿ ಮಲಗಿ ಭಾನುವಾರ ಬೆಳಗಿನ ಟ್ರಿಪ್ ಮುಗಿಸಿ ವಾಪಸ್. ಮೈಸೂರಲ್ಲಿ ರೂಮ್ ಮಾಡಿದ್ರೆ ಬೆಳಗಿನ ಸಫಾರಿಗೆ ನಡುರಾತ್ರೀಲಿ ಎದ್ದೇಳ್ಬೇಕಾಗುತ್ತೆ.

— ಹುಲಿ ಬಗ್ಗೆ ನಿಮ್ಮನೆಯವ್ರಿಗೆ ಮೊದ್ಲೇ ಹೇಳ್ಬಿಡಿ ಮೇಡಂ, ಗ್ಯಾರಂಟಿ ಅನ್ನೋದು ಇಲ್ಲ. ನಮ್ಮ ಟ್ರಿಪ್ಪಲ್ಲಿ ಒಂದು ತಿರುವಲ್ಲಿ ಕಡವೆ ಜೋರಾಗಿ ಕೂಗ್ತು (ಹುಲಿ ಹತ್ರ ಇದೆ ಅನ್ನೋ ಸೂಚನೆ ಅದು), ಡ್ರೈವರ್ ಎಂಜಿನ್ ಆಫ್ ಮಾಡಿದ್ರು, ಮರದ ಮೇಲೆ ಮುಸುವಗಳೂ ಶುರು ಹಚ್ಕೊಂಡ್ವು, ಜಿಂಕೆಗಳೆಲ್ಲ ಬಾಲ ಎತ್ಕೊಂಡು ಒಂದೇ ಪೊದೆ ಕಡೆ ದಿಟ್ಟಿಸ್ತಾ ನಿಂತ್ವು. ಲಂಟಾನ ಎಷ್ಟು ದಟ್ಟ ಅಂದ್ರೆ ಹತ್ತಡಿ ದೂರದಲ್ಲಿ ಹುಲಿ ಮಲಗಿದ್ರೂ ಗೊತ್ತಾಗಲ್ಲ. ಕಾದ್ವಿ ಕಾದ್ವಿ, ಬರ್ಲೇ ಇಲ್ಲ. ನಮ್ಮೆಜಮಾನ್ರು ಮೈಸೂರು ಮುಟ್ಟೋವರ್ಗೂ ಮುಖ ಊದಿಸ್ಕೊಂಡಿದ್ರು, ನನಗೆ ಮಾತ್ರ ಆ ಹತ್ತು ನಿಮಿಷನೇ ಇಡೀ ಟ್ರಿಪ್ಪಲ್ಲಿ ಮಜಾ ಅನ್ಸಿದ್ದು.

— ನಾನು ಕೋಟೆಯವ್ನೇ. ಮೊದ್ಲು ಸಫಾರಿ ನಡೀತಿದ್ಯಾ ಕೇಳ್ಕೊಂಡು ಆಮೇಲೆ ರೂಮಿಗೆ ದುಡ್ಡು ಕಟ್ಟಿ. 2025ರ ನವೆಂಬರಲ್ಲಿ ಸರಗೂರು ಕಡೆ ಹುಲಿ ದಾಳೀಲಿ ರೈತ್ರು ತೀರ್ಕೊಂಡ್ಮೇಲೆ ಇಲ್ಲೂ ಬಂಡೀಪುರದಲ್ಲೂ ಸಫಾರಿ ನಿಲ್ಸಿದ್ರು. ಟೂರಿಸ್ಟ್‌ಗೆ ಬೇಜಾರಾಗಿರ್ಬೋದು, ಆದ್ರೆ ದನ ಮೇಯ್ಸೋಕೆ ಹೋದವ್ರು ಸಂಜೆ ಬರ್ಲಿಲ್ಲ ಅಂದ್ರೆ ಇಲ್ಲಿ ಮನೆಮನೆಗೂ ಎದೆ ಧಸಕ್ ಅನ್ನುತ್ತೆ. ಇನ್ನೊಂದು, ಕೇರಳಕ್ಕೆ ಹೋಗೋ ಮಾನಂದವಾಡಿ ರೋಡು ಸಂಜೆ ಆರರಿಂದ ಬೆಳಗ್ಗೆ ಆರರ ತನಕ ಕಾಡೊಳಗೆ ಕ್ಲೋಸ್, ಗೇಟಲ್ಲಿ ಜಗಳ ಮಾಡಿ ಪ್ರಯೋಜನ ಇಲ್ಲ.

— ಅದ್ರ ಜೊತೆ ಇದೂ ಸೇರಿಸಿ: ಕಾಡೊಳಗಿನ ರೋಡಲ್ಲಿ ಆನೆ ಕಂಡ್ತು ಅಂತ ಕಾರ್ ನಿಲ್ಲಿಸಿ ಇಳೀಬೇಡಿ. 2025ರ ಆಗಸ್ಟಲ್ಲಿ ಬಂಡೀಪುರ ಹತ್ರ ಒಬ್ರು ಸೆಲ್ಫಿಗೆ ಅಂತ ಇಳಿದು ಆನೆ ಕಾಲಡಿ ಸಿಕ್ಕಿ ಹೇಗೋ ಬದುಕ್ಕೊಂಡ್ರು, ಮೇಲೆ 25,000 ರೂಪಾಯಿ ದಂಡ ಬೇರೆ ಬಿತ್ತು.

— (ಕೇಳಿದವ್ಳು) ಎಲ್ರಿಗೂ ಥ್ಯಾಂಕ್ಸ್. ಬಂಡೀಪುರ ಕೈಬಿಟ್ವಿ, ಕೋಟೇಲೇ ರೂಮು ನೋಡ್ತೀವಿ, ಸಫಾರಿ ಇದ್ಯಾ ಅಂತ ನಾಳೆನೇ ವಿಚಾರಿಸ್ತೀನಿ. ನಮ್ಮೋರು ಮೇಲಿನ ಕಡವೆ ಕಥೆ ಓದಿ "ನಮಗೆ ಸಿಗುತ್ತೆ ಬಿಡು" ಅಂತಿದಾರೆ. ಬೆಳಗ್ಗೆ ಬಸ್ಸಲ್ಲಿ ಚಳಿ ಇರುತ್ತಾ, ಸ್ವೆಟರ್ ಬೇಕಾ?

— ಏಪ್ರಿಲಲ್ಲಿ ಸ್ವೆಟರ್ ಯಾಕೆ, ಮೂಗಿಗೊಂದು ಕರ್ಚೀಫ್ ಇಟ್ಕೊಳಿ. ಧೂಳು.