ಪದಚರ್ಚೆ: ರೂಸ್‌ವೆಲ್ಟ್ ಒಡೆದ ‘ಟ್ರಸ್ಟ್’ಗೆ ಏನನ್ನೋಣ? ವಿಲ್ಸನ್ ‘ಪ್ರಗತಿಪರ’ರೇ?

ಎಲ್ಲರಿಗೂ ನಮಸ್ಕಾರ.

ಪದವಿ ಓದುವ ಮಕ್ಕಳಿಗಾಗಿ ಅಮೆರಿಕದ ಚರಿತ್ರೆಯ ಒಂದು ಭಾಗವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 1901ರಿಂದ 1921ರವರೆಗಿನ ಕಾಲ. ಅಧ್ಯಕ್ಷರು ಮೂವರು: ಥಿಯೊಡೋರ್ ರೂಸ್‌ವೆಲ್ಟ್, ವಿಲಿಯಂ ಟಾಫ್ಟ್, ವುಡ್ರೋ ವಿಲ್ಸನ್. (ಎರಡನೇ ಮಹಾಯುದ್ಧದ ಕಾಲದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬೇರೆ, ಇವರಿಗೆ ದೂರದ ನೆಂಟ. ಇಬ್ಬರನ್ನೂ ಕಲಸಿಬಿಡುವುದು ನಮ್ಮಲ್ಲಿ ಮಾಮೂಲು.) ಘಟನೆಗಳನ್ನು ಬರೆಯುವುದು ಅಷ್ಟೇನೂ ಕಷ್ಟವಿಲ್ಲ. ತೊಡಕು ಬಂದಿರುವುದು ಕೆಲವು ಪದಗಳಲ್ಲಿ. ನಿಘಂಟು ಕೊಡುವ ಪದ ಹಾಕಿದರೆ ಅರ್ಥವೇ ಬೇರೆ ಕಡೆ ಹೋಗುತ್ತಿದೆ.

ಮೊದಲು ‘ಟ್ರಸ್ಟ್’. ರೂಸ್‌ವೆಲ್ಟ್ ಅವರಿಗೆ ‘ಟ್ರಸ್ಟ್ ಬಸ್ಟರ್’ ಎಂದು ಬಿರುದೇ ಇದೆ. ಟ್ರಸ್ಟ್‌ಗಳನ್ನು ಒಡೆದವರು ಅಂತ. ನಮಗೆ ಟ್ರಸ್ಟ್ ಅಂದರೆ ದೇವಸ್ಥಾನದ್ದು, ಶಾಲೆಯದ್ದು, ಕಣ್ಣಿನ ಆಸ್ಪತ್ರೆಯದ್ದು. ಟ್ರಸ್ಟಿ ಅಂದರೆ ಧರ್ಮದರ್ಶಿ. ‘ಅಧ್ಯಕ್ಷರು ಟ್ರಸ್ಟ್‌ಗಳನ್ನು ಒಡೆದರು’ ಎಂದು ಬರೆದರೆ, ಪಾಪ, ಯಾವ ಛತ್ರದವರಿಗೆ ತೊಂದರೆ ಆಯಿತೋ ಅನ್ನಿಸುತ್ತದೆ. ‘ವಿಶ್ವಸ್ಥ ಮಂಡಳಿ’ ಎಂದರಂತೂ ಮುಗಿದೇ ಹೋಯಿತು.

ತಮಾಷೆ ಏನೆಂದರೆ ಎರಡೂ ಒಂದೇ ಬೇರಿನವು. 1882ರಲ್ಲಿ ಎಣ್ಣೆ ಉದ್ಯಮಿ ರಾಕೆಫೆಲ್ಲರ್ ಕಡೆಯ ಎಣ್ಣೆ ಕಂಪನಿಗಳ ಷೇರುದಾರರು ತಮ್ಮ ಷೇರುಗಳನ್ನೆಲ್ಲ ಒಂಬತ್ತು ಜನ ಟ್ರಸ್ಟಿಗಳಿಗೆ ಒಪ್ಪಿಸಿದರು. ಬದಲಿಗೆ ಲಾಭದಲ್ಲಿ ಪಾಲು ಸಿಗುವ ಪತ್ರ ಪಡೆದರು. ಹೆಸರಿಗೆ ಕಂಪನಿಗಳು ಹಲವು, ನಡೆಸುವ ಕೈ ಒಂದೇ. ಸ್ಟಾಂಡರ್ಡ್ ಆಯಿಲ್ ಟ್ರಸ್ಟ್ ಅಂದರೆ ಇದೇ. ಆಮೇಲೆ ಕೋರ್ಟುಗಳು ಈ ಏರ್ಪಾಡಿಗೆ ಅಡ್ಡ ಬಂದವು. ಕಂಪನಿಗಳು ಬೇರೆ ಕಾನೂನು ದಾರಿ ಹುಡುಕಿಕೊಂಡವು. ಆದರೆ ಜನರ ಬಾಯಲ್ಲಿ ‘ಟ್ರಸ್ಟ್’ ಎಂಬ ಹೆಸರು ಹಾಗೇ ಉಳಿಯಿತು. ರೂಸ್‌ವೆಲ್ಟ್ ಸರ್ಕಾರ 1902ರಲ್ಲಿ ಮೊಕದ್ದಮೆ ಹೂಡಿದ ‘ನಾರ್ದರ್ನ್ ಸೆಕ್ಯುರಿಟೀಸ್’ ಕಾನೂನಿನ ಲೆಕ್ಕದಲ್ಲಿ ಟ್ರಸ್ಟ್ ಅಲ್ಲವೇ ಅಲ್ಲ. ಬೇರೆ ಕಂಪನಿಗಳ ಷೇರು ಹಿಡಿದಿಟ್ಟುಕೊಳ್ಳುವ ಒಂದು ಕಂಪನಿ ಅಷ್ಟೆ. ಬ್ಯಾಂಕರ್ ಜೆ. ಪಿ. ಮಾರ್ಗನ್, ರೈಲು ಉದ್ಯಮಿಗಳಾದ ಜೇಮ್ಸ್ ಹಿಲ್, ಹ್ಯಾರಿಮನ್ ಸೇರಿ ವಾಯವ್ಯ ಭಾಗದ ರೈಲು ದಾರಿಗಳನ್ನು ಅದರೊಳಗೆ ತಂದಿದ್ದರು. 1904ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಅದನ್ನು ಒಡೆಯಿತು. ಪತ್ರಿಕೆಗಳ ಪಾಲಿಗೆ ಇದೂ ಟ್ರಸ್ಟೇ.

ಹಾಗಾದರೆ ಕನ್ನಡದಲ್ಲಿ? ಪಠ್ಯಪುಸ್ತಕದ ದಾರಿ ‘ಏಕಸ್ವಾಮ್ಯ’. ಅದು ಒಂದು ಸ್ಥಿತಿಯ ಹೆಸರು, ಸಂಸ್ಥೆಯದ್ದಲ್ಲ. ‘ಏಕಸ್ವಾಮ್ಯವನ್ನು ಒಡೆದರು’ ಅಂದಾಗ ಯಾರನ್ನು ಅಂತ ಕೇಳಬೇಕಾಗುತ್ತದೆ. ‘ಒಕ್ಕೂಟ’ ಬೇಡ, ಅದು ಹಾಲು ಉತ್ಪಾದಕರಿಗೆ ಇರಲಿ. ಸಂತೆ, ಮಂಡಿಗಳಲ್ಲಿ ಬದುಕಿರುವ ಪದ ‘ಸಿಂಡಿಕೇಟ್’. ‘ವರ್ತಕರೆಲ್ಲ ಸಿಂಡಿಕೇಟ್ ಮಾಡಿಕೊಂಡು ರೇಟು ಇಳಿಸಿದರು’ ಎಂದು ಅಡಿಕೆ, ಮೆಣಸಿನಕಾಯಿ ಬೆಳೆಯುವವರು ದಿನಾ ಹೇಳುವ ಮಾತು. ಅರ್ಥ ತುಂಬಾ ಹತ್ತಿರ. ಆದರೆ ಅದರಲ್ಲಿ ಕಳ್ಳ ಒಪ್ಪಂದದ ವಾಸನೆ ಜಾಸ್ತಿ. ರೂಸ್‌ವೆಲ್ಟ್ ಎಲ್ಲ ಟ್ರಸ್ಟ್‌ಗಳನ್ನೂ ಕೆಟ್ಟವು ಎನ್ನಲಿಲ್ಲ. ದೊಡ್ಡದಾಗಿರುವುದೇ ತಪ್ಪಲ್ಲ, ನಡತೆ ಕೆಟ್ಟರೆ ತಪ್ಪು ಎಂಬುದು ಅವರ ವಾದ. ಒಳ್ಳೆಯ ಟ್ರಸ್ಟ್, ಕೆಟ್ಟ ಟ್ರಸ್ಟ್ ಎಂದು ಎರಡು ಬಗೆ ಮಾಡುತ್ತಿದ್ದರು. ‘ಒಳ್ಳೆಯ ಸಿಂಡಿಕೇಟ್’ ಅಂದರೆ ನಮ್ಮ ಮಂಡಿಯಲ್ಲಿ ನಗುತ್ತಾರೆ, ಅಲ್ವಾ?

ಸದ್ಯಕ್ಕೆ ನಾನು ‘ಕಂಪನಿಕೂಟ’ ಎಂದು ಬರೆದಿಟ್ಟಿದ್ದೇನೆ. ಮೈತ್ರಿಕೂಟ ಗೊತ್ತಿರುವವರಿಗೆ ಇದು ಹೊಸದೆನಿಸದು. ಒಳ್ಳೆಯದು, ಕೆಟ್ಟದ್ದು ಎರಡೂ ಅದಕ್ಕೆ ಒಗ್ಗುತ್ತದೆ. ‘1911ರಲ್ಲಿ ಕೋರ್ಟ್ ಸ್ಟಾಂಡರ್ಡ್ ಆಯಿಲ್ ಕಂಪನಿಕೂಟವನ್ನು 34 ಕಂಪನಿಗಳಾಗಿ ಒಡೆಯಿತು’ ಎಂಬ ವಾಕ್ಯ ನನ್ನ ಕಿವಿಗೆ ಸರಿಯಾಗಿದೆ. ನಿಮ್ಮ ಕಿವಿಗೆ? ಅಂದಹಾಗೆ ಆ ತೀರ್ಪು ಬಂದದ್ದು ಟಾಫ್ಟ್ ಕಾಲದಲ್ಲಿ. ಟಾಫ್ಟ್ ನಾಲ್ಕೇ ವರ್ಷದಲ್ಲಿ ರೂಸ್‌ವೆಲ್ಟ್‌ಗಿಂತ ಜಾಸ್ತಿ ಮೊಕದ್ದಮೆ ಹಾಕಿಸಿದರು. ಬಿರುದು ಮಾತ್ರ ಸಿಗಲಿಲ್ಲ.

ಈಗ ನಿಜವಾದ ತಲೆನೋವು: ‘ಪ್ರೋಗ್ರೆಸಿವ್’. ಈ ಇಪ್ಪತ್ತು ವರ್ಷಗಳಿಗೆ ಅಮೆರಿಕನ್ನರು ಇಟ್ಟ ಹೆಸರೇ ‘ಪ್ರೋಗ್ರೆಸಿವ್’ ಕಾಲ. ಕಣ್ಣು ಮುಚ್ಚಿ ‘ಪ್ರಗತಿಪರ’ ಎಂದು ಹಾಕಬಹುದು. ಹಾಕಿಯೂ ಇದ್ದಾರೆ. ಆದರೆ ನಮ್ಮಲ್ಲಿ ‘ಪ್ರಗತಿಪರ’ ಪದಕ್ಕೆ ಅದರದೇ ಆದ ಬದುಕಿದೆ. ಹೊಸ ತಳಿ, ಹನಿ ನೀರಾವರಿ ಮಾಡುವವರು ‘ಪ್ರಗತಿಪರ ರೈತ’. ಅಲ್ಲಿ ರಾಜಕೀಯವೇ ಇಲ್ಲ. ‘ಪ್ರಗತಿಪರ ಚಿಂತಕರು’, ‘ಪ್ರಗತಿಪರ ಸಂಘಟನೆಗಳು’ ಎಂದಾಗ ಜಾತಿ ವಿರೋಧ, ಮೂಢನಂಬಿಕೆ ವಿರೋಧ, ಸ್ವಲ್ಪ ಎಡಕ್ಕೆ ವಾಲಿದ ನಿಲುವು ಇವೆಲ್ಲ ಒಟ್ಟಿಗೆ ಬರುತ್ತವೆ. ಸಾಹಿತ್ಯಕ್ಕೆ ಅನಕೃ ಕಾಲದ ‘ಪ್ರಗತಿಶೀಲ’ ಬೇರೆಯೇ ಇದೆ.

ಈ ಪದವನ್ನು ವಿಲ್ಸನ್‌ಗೆ ತೊಡಿಸಿ ನೋಡಿ. ದೇಶದೊಳಗೆ ಅವರು ಮಾಡಿದ್ದು ಸಣ್ಣದಲ್ಲ. 1913ರಲ್ಲಿ ಆಮದು ಸುಂಕ ಇಳಿಸಿದರು. ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆ ಕಟ್ಟಿದ ಫೆಡರಲ್ ರಿಸರ್ವ್ ಕಾಯ್ದೆಗೆ ಸಹಿ ಹಾಕಿದರು. 1914ರಲ್ಲಿ ಕಂಪನಿಕೂಟಗಳಿಗೆ ಕಡಿವಾಣ ಹಾಕುವ ಕ್ಲೇಟನ್ ಕಾಯ್ದೆ ಬಂತು, ವ್ಯಾಪಾರದ ಮೇಲೆ ಕಣ್ಣಿಡಲು ಆಯೋಗ ಬಂತು. 1916ರಲ್ಲಿ ರೈಲ್ವೆ ನೌಕರರಿಗೆ ಎಂಟು ಗಂಟೆಯ ಕೆಲಸದ ದಿನ ಬಂತು. ಇದೇ ವಿಲ್ಸನ್ ಆಡಳಿತದಲ್ಲಿ ಅಂಚೆ ಇಲಾಖೆ, ಖಜಾನೆ ಇಲಾಖೆಗಳಲ್ಲಿ ಕಪ್ಪು ನೌಕರರನ್ನು ಬಿಳಿಯರಿಂದ ಬೇರೆ ಮಾಡಿ ಕೂರಿಸಲಾಯಿತು. 1914ರಲ್ಲಿ ಪತ್ರಕರ್ತ ವಿಲಿಯಂ ಮನ್ರೋ ಟ್ರಾಟರ್ ಶ್ವೇತಭವನಕ್ಕೇ ಹೋಗಿ ಇದನ್ನು ಕೇಳಿದರು. ವಿಲ್ಸನ್ ಸಿಟ್ಟಾಗಿ ಅವರನ್ನು ಹೊರಗೆ ಕಳಿಸಿದರು. ಈಗ ಹೇಳಿ, ‘ಪ್ರಗತಿಪರ ಅಧ್ಯಕ್ಷ ವಿಲ್ಸನ್ ಕಚೇರಿಗಳಲ್ಲಿ ವರ್ಣಭೇದ ಜಾರಿಗೆ ಬರಲು ಬಿಟ್ಟರು’ ಎಂಬ ವಾಕ್ಯವನ್ನು ಕನ್ನಡದ ಹುಡುಗಿಯೊಬ್ಬಳು ಓದಿದರೆ ಏನಂದುಕೊಳ್ಳುತ್ತಾಳೆ? ಅಚ್ಚಿನ ತಪ್ಪು ಅಂದುಕೊಳ್ಳುತ್ತಾಳೆ.

ಹೊರದೇಶದ ವಿಷಯವೂ ಅಷ್ಟೆ. ‘ಪ್ರಜಾಪ್ರಭುತ್ವಕ್ಕೆ ಜಗತ್ತು ಸುರಕ್ಷಿತವಾಗಬೇಕು’ ಎಂದು 1917ರಲ್ಲಿ ಮೊದಲ ಮಹಾಯುದ್ಧಕ್ಕಿಳಿದವರು ವಿಲ್ಸನ್. ಎರಡು ವರ್ಷ ಮೊದಲೇ ಅವರ ಸೈನ್ಯ ಹೈಟಿಗೆ ಇಳಿದಿತ್ತು, 1934ರವರೆಗೂ ಅಲ್ಲೇ ಇತ್ತು. ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ 1916ರಲ್ಲಿ ಕಳಿಸಿದರು. ಆದರೂ ಅವರ ಮಾತನ್ನು ನಂಬಿದವರು ನಮ್ಮಲ್ಲೂ ಇದ್ದರು. ಮದ್ರಾಸಿನ ಎಸ್. ಸುಬ್ರಹ್ಮಣ್ಯ ಅಯ್ಯರ್ 1917ರಲ್ಲಿ ವಿಲ್ಸನ್‌ಗೆ ಪತ್ರ ಬರೆದು ಭಾರತಕ್ಕೆ ಸ್ವರಾಜ್ಯ ಕೊಡಿಸಲು ನೆರವು ಕೇಳಿದರು. ಮುಂದೆ ಹುಬ್ಬಳ್ಳಿಯಲ್ಲಿ ಸೇವಾದಳ ಕಟ್ಟಿದ ನಾ. ಸು. ಹರ್ಡೀಕರ್ ಆಗ ಅಮೆರಿಕದಲ್ಲೇ ಇದ್ದು ಲಾಲಾ ಲಜಪತ ರಾಯರ ಜೊತೆ ಹೋಂ ರೂಲ್ ಕೆಲಸ ಮಾಡುತ್ತಿದ್ದರು.

ಇನ್ನೊಂದು ಆಯ್ಕೆ ‘ಸುಧಾರಣಾವಾದಿ’. ಇದು ವಾಸಿ. ಇಲ್ಲೂ ಒಂದು ಮುಳ್ಳಿದೆ. 1991ರಿಂದ ನಮಗೆ ‘ಆರ್ಥಿಕ ಸುಧಾರಣೆ’ ಅಂದರೆ ಸರ್ಕಾರ ವ್ಯಾಪಾರದಿಂದ ಕೈ ತೆಗೆಯುವುದು. ರೂಸ್‌ವೆಲ್ಟ್ ಮಾಡಿದ ಸುಧಾರಣೆ ತಿರುಗಾಮುರುಗಾ: ಅಲ್ಲಿಯವರೆಗೆ ದೂರ ನಿಂತಿದ್ದ ಸರ್ಕಾರ ಕೈ ಹಾಕಿತು. 1902ರ ಕಲ್ಲಿದ್ದಲು ಮುಷ್ಕರದಲ್ಲಿ ಗಣಿ ಮಾಲೀಕರನ್ನೂ ಕಾರ್ಮಿಕರ ಮುಖಂಡರನ್ನೂ ಕರೆಸಿ ಎದುರುಬದುರು ಕೂರಿಸಿದರು. ಕೊನೆಗೆ ಕಾರ್ಮಿಕರಿಗೆ ಶೇ. 10 ಕೂಲಿ ಹೆಚ್ಚಿತು. 1906ರಲ್ಲಿ ಮಾಂಸದ ಕಾರ್ಖಾನೆಗಳಿಗೆ ಸರ್ಕಾರಿ ತಪಾಸಣೆ ಬಂತು, ಕಲಬೆರಕೆ ಆಹಾರ ಮತ್ತು ಔಷಧದ ವಿರುದ್ಧ ಕಾಯ್ದೆ ಬಂತು. ನಮ್ಮ ಪದಗಳಲ್ಲಿ ಇದಕ್ಕೆ ಹತ್ತಿರ ಇರುವುದು 1991ರ ಸುಧಾರಣೆ ಅಲ್ಲ, ದೇವರಾಜ ಅರಸರ ಕಾಲದ ‘ಭೂ ಸುಧಾರಣೆ’.

ಹಾಗಾಗಿ ನನ್ನ ಒಲವು ಹೀಗಿದೆ. ಕಾಲಕ್ಕೆ ‘ಸುಧಾರಣೆಯ ಕಾಲ’. 1912ರಲ್ಲಿ ರೂಸ್‌ವೆಲ್ಟ್ ಕಟ್ಟಿದ ಪಕ್ಷಕ್ಕೆ ‘ಪ್ರೋಗ್ರೆಸಿವ್ ಪಕ್ಷ’, ಅದು ಅಂಕಿತನಾಮ, ಮುಟ್ಟುವುದು ಬೇಡ. ಮನುಷ್ಯರಿಗೆ ‘ಸುಧಾರಕ’. ‘ಸುಧಾರಕ’ ಅಂದರೆ ಏನನ್ನು ಸುಧಾರಿಸಿದರು ಎಂದು ಓದುಗ ಕೇಳಬಹುದು, ಉತ್ತರ ಹೇಳಬಹುದು. ‘ಪ್ರಗತಿಪರ’ ಅಂದರೆ ಕೇಳುವ ಮೊದಲೇ ಸರ್ಟಿಫಿಕೇಟ್ ಕೊಟ್ಟ ಹಾಗೆ. ಒಪ್ಪದವರು ದಯವಿಟ್ಟು ಜಗಳಕ್ಕೆ ಬನ್ನಿ.

ರೂಸ್‌ವೆಲ್ಟ್ ಅವರ ವಿದೇಶ ನೀತಿಗೆ ಅಂಟಿದ ಹೆಸರು ‘ಬಿಗ್ ಸ್ಟಿಕ್’ಗೆ ಜಾಸ್ತಿ ಯೋಚಿಸಲಿಲ್ಲ. ‘ಮೆತ್ತಗೆ ಮಾತಾಡು, ಕೈಯಲ್ಲಿ ದೊಡ್ಡ ದೊಣ್ಣೆ ಇಟ್ಟುಕೋ’ ಎಂದು ರೂಸ್‌ವೆಲ್ಟ್ 1901ರ ಸೆಪ್ಟೆಂಬರ್ 2ರಂದು ಮಿನೆಸೋಟದ ಜಾತ್ರೆಯಲ್ಲಿ ಹೇಳಿದರು. ಆಗಿನ್ನೂ ಉಪಾಧ್ಯಕ್ಷ. ಎರಡು ವಾರದೊಳಗೆ ಅಧ್ಯಕ್ಷ ಮೆಕಿನ್ಲಿ ಗುಂಡೇಟಿನಿಂದ ಸತ್ತರು, ದೊಣ್ಣೆ ಇವರ ಕೈಗೆ ಬಂತು. ಕೆಲವರು ‘ದಂಡನೀತಿ’ ಎನ್ನಬಹುದು. ದಂಡನೀತಿಯಲ್ಲಿ ಶಾಸ್ತ್ರವಿದೆ, ರಾಜಧರ್ಮವಿದೆ. ಪನಾಮದಲ್ಲಿ ಅದ್ಯಾವುದೂ ಕಾಣುವುದಿಲ್ಲ. ಅಲ್ಲಿ ಅಮೆರಿಕ ಕಾಲುವೆ ತೋಡುವ ಒಪ್ಪಂದವನ್ನು ಕೊಲಂಬಿಯಾ ಒಪ್ಪಲಿಲ್ಲ. 1903ರ ನವೆಂಬರ್ 3ರಂದು ಪನಾಮ ಕೊಲಂಬಿಯಾದಿಂದ ಬೇರೆಯಾಯಿತು. ಅಮೆರಿಕದ ಯುದ್ಧನೌಕೆ ಆಗಲೇ ಅಲ್ಲಿತ್ತು. ಮೂರೇ ದಿನದಲ್ಲಿ ಮಾನ್ಯತೆ, ಅದೇ ತಿಂಗಳ 18ಕ್ಕೆ ಹೊಸ ಒಪ್ಪಂದ. ಯಾವ ದೊಣ್ಣೆನಾಯಕನ ಅಪ್ಪಣೆ ಬೇಕು ಎನ್ನುವ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ‘ದೊಣ್ಣೆ ನೀತಿ’ ಎಂದೇ ಬರೆದಿದ್ದೇನೆ. ಟಾಫ್ಟ್ ಅವರ ‘ಡಾಲರ್ ಡಿಪ್ಲೊಮಸಿ’ ಸದ್ಯ ‘ಡಾಲರ್ ನೀತಿ’. ಅಮೆರಿಕದ ಬ್ಯಾಂಕುಗಳಿಂದ ಸಾಲ ಕೊಡಿಸಿ ಹಿಡಿತ ಸಾಧಿಸುವುದು ಅದರ ಹುರುಳು. ಆದರೂ 1912ರಲ್ಲಿ ನಿಕರಾಗುವಾಕ್ಕೆ ಸೈನಿಕರು ಹೋಗಲೇಬೇಕಾಯಿತು.

ದೇಶದೊಳಗಿನ ಆಡಳಿತಕ್ಕೆ ರೂಸ್‌ವೆಲ್ಟ್ ಕೊಟ್ಟ ಘೋಷಣೆ ‘ಸ್ಕ್ವೇರ್ ಡೀಲ್’ಗೆ ಯಾರೂ ‘ಚೌಕ’ ಎನ್ನಬೇಡಿ. ಇಲ್ಲಿ ಅದರ ಅರ್ಥ ಮೋಸವಿಲ್ಲದ್ದು. ಇಸ್ಪೀಟಿನಲ್ಲಿ ಎಲ್ಲರಿಗೂ ಸರಿಯಾಗಿ ಎಲೆ ಹಂಚುವ ಭಾವ ಅದರಲ್ಲಿದೆ. ಆಟದ ನಿಯಮವೇ ಅನ್ಯಾಯವಾಗಿದ್ದರೆ ಅದನ್ನೂ ಬದಲಿಸಬೇಕು ಎಂದು ರೂಸ್‌ವೆಲ್ಟ್ 1910ರಲ್ಲಿ ಅದನ್ನು ಹಿಗ್ಗಿಸಿದರು. ‘ನ್ಯಾಯದ ಹಂಚಿಕೆ’ ಎಂದರೆ ರೇಷನ್ ಅಂಗಡಿ ನೆನಪಾಗುತ್ತದೆ. ಇಸ್ಪೀಟು ಬಲ್ಲವರು ಒಂದು ಪದ ಕೊಡಿ.

ಕೊನೆಯದು ‘ಮಕ್‌ರೇಕರ್’. ಕಾರ್ಖಾನೆ, ಪುರಸಭೆ, ಕಂಪನಿಕೂಟಗಳ ಹುಳುಕು ಬರೆದ ಆ ಕಾಲದ ಪತ್ರಕರ್ತರಿಗೆ ಈ ಹೆಸರು ಅಂಟಿತು. 1906ರ ಏಪ್ರಿಲ್‌ನ ಒಂದು ಭಾಷಣದಲ್ಲಿ ರೂಸ್‌ವೆಲ್ಟ್ ಇದನ್ನು ಬೈಗುಳವಾಗಿಯೇ ಬಳಸಿದರು. ಬೈಸಿಕೊಂಡವರು ಬಿರುದಿನಂತೆ ಇಟ್ಟುಕೊಂಡರು. ಪದ ಬಂದದ್ದು ಜಾನ್ ಬನ್ಯನ್ ಅವರ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಎರಡನೇ ಭಾಗದಿಂದ. ಅಲ್ಲೊಬ್ಬ ಮನುಷ್ಯ ನೆಲದ ಕಸವನ್ನೇ ಕೆದಕುತ್ತಿರುತ್ತಾನೆ. ಅವನ ತಲೆಯ ಮೇಲೆ ಇನ್ನೊಬ್ಬರು ಕಿರೀಟ ಹಿಡಿದು ನಿಂತಿದ್ದರೂ ಕಣ್ಣೆತ್ತುವುದಿಲ್ಲ. ‘ತನಿಖಾ ಪತ್ರಕರ್ತ’ ಎಂದರೆ ಬೈಗುಳ ಹೋಗುತ್ತದೆ. ‘ಕೊಚ್ಚೆ ಕೆದಕುವವ’ ಎಂದರೆ ಬಿರುದು ಹೋಗುತ್ತದೆ.

ಬನ್ಯನ್ ಕತೆ ಹತ್ತೊಂಬತ್ತನೇ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಎಂಬ ಹೆಸರಲ್ಲಿ ಕನ್ನಡಕ್ಕೆ ಬಂದಿದೆ. ಹಳೆಯ ಪ್ರತಿ ಯಾರ ಬಳಿಯಾದರೂ ಇದ್ದು, ಅದರಲ್ಲಿ ಎರಡನೇ ಭಾಗವೂ ಸೇರಿದ್ದರೆ, ಆ ಕಸ ಕೆದಕುವವನ ಕೈಯಲ್ಲಿರುವ ಸಾಧನಕ್ಕೆ ಅನುವಾದಕರು ಏನೆಂದು ಬರೆದಿದ್ದಾರೆ, ನೋಡಿ ಹೇಳುತ್ತೀರಾ? ಪುಟದ ಫೋಟೋ ಹಾಕಿದರೆ ಇನ್ನೂ ಒಳ್ಳೆಯದು.